ಲೆಸ್ಯಾಳ ಗಾಡಿಯ ಹೀಟರ್

ಮಗಳು ಗಂಡನ ಮನೆಗೆ ವಾಪಸ್ ಹೋಗುತ್ತೇನೆ ಅಂದಾಗ ಓಸ್ತಾಪ್ ಅಡುಗೆಮನೆಯ ಮೇಜಿನ ಮುಂದೆ ಕೂತು ಮೀಸೆಗೆ ಅಂಟಿದ್ದ ಬೀಟ್‌ರೂಟ್ ಸಾರು ಒರೆಸಿಕೊಳ್ಳುತ್ತಿದ್ದ. ಒರೆಸಿಕೊಂಡಾದ ಮೇಲೂ ಬಟ್ಟೆಯನ್ನು ಬಾಯಿಂದ ತೆಗೆಯಲಿಲ್ಲ.

"ಯಾವಾಗ?" ಎಂದ ಕೊನೆಗೆ.

"ಭಾನುವಾರ. ಗಾಡಿ ಸರಿಹೋದ್ರೆ."

ಗಾಡಿ ಸರಿಮಾಡಬೇಕಾದವನು ಅವನೇ.

ಲೆಸ್ಯಾ ಬಂದದ್ದು ಜನವರಿಯಲ್ಲಿ, ಚಳಿ ಒಂದೆರಡು ದಿನ ಹಿಡಿತ ಸಡಿಲಿಸಿ ಸೂರಿನಂಚಿನ ಹಿಮ ತೊಟ್ಟಿಕ್ಕತೊಡಗಿದಾಗ. ಯಾವ ಸುದ್ದಿಯೂ ಕೊಡದೆ, ಉತ್ತರದ ಕಾಡಿನ ಕಡೆಯಿಂದ ಅರ್ಧ ದಿನದ ದಾರಿ ಒಬ್ಬಳೇ ಪಿಕಪ್ ಓಡಿಸಿಕೊಂಡು ಬಂದಿದ್ದಳು. ಕೋಟು ಬಿಚ್ಚುವಾಗ ಎಡಗೈ ಮೇಲೆತ್ತಲಿಲ್ಲ. ತುಟಿಯ ಒಂದು ಕಡೆ ಊದಿತ್ತು. ಹೀಗೆ ಬಂದದ್ದು ಇದು ಮೂರನೆಯ ಸಲ. ಮೊದಲ ಸಲ ಮೆಟ್ಟಿಲ ಮೇಲೆ ಜಾರಿದೆ ಅಂದಿದ್ದಳು. ಎರಡನೆಯ ಸಲ ಗಂಡ ಡ್ವೇನ್ ಕುಡಿದಿದ್ದ, ಈಗ ಬಿಟ್ಟಿದ್ದಾನೆ ಅಂದಿದ್ದಳು. ಈ ಸಲ ಅವಳೂ ಏನೂ ಹೇಳಲಿಲ್ಲ, ಓಸ್ತಾಪನೂ ಕೇಳಲಿಲ್ಲ. ಅವಳ ತಾಯಿ ಇದ್ದಿದ್ದರೆ ಕೇಳುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಓಸ್ತಾಪ್ ಹೊಲ ಉತ್ತು, ಚಳಿಗಾಲದಲ್ಲಿ ಶಾಲೆಯ ಬಸ್ಸು ಓಡಿಸಿ ಬದುಕಿದವನು. ಬಸ್ಸಿನ ಮಕ್ಕಳನ್ನು ಗದರಿಸುವುದು ಬಿಟ್ಟರೆ ಅವನಿಗೆ ಹೆಚ್ಚು ಮಾತು ಬರುತ್ತಿರಲಿಲ್ಲ.

ಆಮೇಲೆ ಚಳಿ ಮತ್ತೆ ಬಂದು ಕೂತಿತು. ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗೆ. ಮೂಗಿನ ಕೂದಲು ಉಸಿರಿಗೇ ಹೆಪ್ಪುಗಟ್ಟುವ ಚಳಿ. ಅಂಥ ರಾತ್ರಿಗಳಲ್ಲಿ ಆ ಸೀಮೆಯ ಯಾವ ಗಾಡಿಯನ್ನೂ ಹಾಗೇ ಬಿಡುವಂತಿಲ್ಲ. ಮುಂದಿನ ಜಾಲರಿಯಿಂದ ನೇತಾಡುವ ವೈರನ್ನು ಮನೆಯ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಮಲಗಬೇಕು. ಇಂಜಿನ್ನಿನ ಹೊಟ್ಟೆಯೊಳಗಿನ ಹೀಟರ್ ಬೆಳಗಿನವರೆಗೆ ಅದನ್ನು ಬೆಚ್ಚಗಿಡುತ್ತದೆ. ಲೆಸ್ಯಾ ಸಿಕ್ಕಿಸಿದ್ದಳು. ಬೆಳಿಗ್ಗೆ ಓಸ್ತಾಪನ ಗಾಡಿ ಕೆಮ್ಮಿ ಎದ್ದಿತು. ಪಕ್ಕದಲ್ಲೇ ನಿಂತಿದ್ದ ಅವಳದು ಒಮ್ಮೆ ನರಳಿ ಸುಮ್ಮನಾಯಿತು.

"ಹೀಟರ್ ಹೋಗಿದೆ," ಎಂದ ಓಸ್ತಾಪ್. ಅವತ್ತು ಅವನಿಗೆ ಒಳಗೊಳಗೇ ಖುಷಿಯಾಯಿತು.

ಏಕೆಂದರೆ ಫೋನು ಶುರುವಾಗಿತ್ತು. ಡ್ವೇನ್ ಮರದ ಮಿಲ್ಲಿನ ಪಾಳಿ ಮುಗಿಸಿ ದಿನಾ ಸಂಜೆ ಮಾಡುತ್ತಿದ್ದ. ಲೆಸ್ಯಾ ಫೋನಿನ ಸುರುಳಿ ವೈರನ್ನು ಎಳೆದುಕೊಂಡು ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಮೊದಮೊದಲು ಒಳಗಿನಿಂದ ಅಳು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಒಂದು ಸಂಜೆ ನಗು ಕೇಳಿಸಿತು. ಅಳು ಕೇಳಿದಾಗ ತಡೆದುಕೊಂಡಿದ್ದ ಓಸ್ತಾಪ್, ಆ ನಗು ಕೇಳಿ ಎದ್ದು ಅಂಗಳಕ್ಕೆ ಹೋಗಿ, ಗುಡಿಸಬೇಕಾಗಿಲ್ಲದ ಹಿಮವನ್ನು ಗುಡಿಸುತ್ತ ನಿಂತ.

ಅವನ ಅಕ್ಕ ಪರಾಸ್ಕಾ ಆಚೆ ಹೊಲದ ಮನೆಯವಳು, ಗಂಡನಿಲ್ಲದವಳು, ಮಾತಿಗೆ ಯಾರಿಗೂ ಬಗ್ಗದವಳು. ಅವಳು ಆಲೂಗಡ್ಡೆ ತುಂಬಿದ ಪಿರೊಹಿ ಕಡುಬುಗಳನ್ನು ಡಬ್ಬಿ ತುಂಬ ತಂದು, ಲೆಸ್ಯಾಗೆ ಕೊಟ್ಟು, ನೆಟ್ಟಗೆ ತಮ್ಮನನ್ನು ಹುಡುಕಿಕೊಂಡು ಷೆಡ್ಡಿಗೆ ಬಂದಳು.

"ಭಾನುವಾರ ಹೊರಡ್ತಾಳಂತೆ?"

"ಹೂಂ."

"ನೀನು ಹೀಟರ್ ಹಾಕಿ ಕೊಡ್ತೀಯಂತೆ?"

"ಕೇಳಿದಾಳೆ."

"ಕೇಳಿದಾಳೆ! ವಿಷ ಕೇಳಿದ್ರೂ ಕಲಸಿ ಕೊಡು. ಪಾರ್ಟು ಸಿಗಲಿಲ್ಲ ಅನ್ನೋಕೆ ನಾಲಿಗೆ ಬಿದ್ದುಹೋಗುತ್ತಾ ನಿನಗೆ? ಕನೋರಾ ಪೇಟೇಲಿ ಇಲ್ಲ ಅನ್ನು. ಯಾರ್ಕ್‌ಟನ್ನಲ್ಲೂ ಇಲ್ಲ ಅನ್ನು. ಹಿಮ ಕರಗೋವರೆಗೂ ಇಲ್ಲ ಅನ್ನು. ಅಷ್ಟರಲ್ಲಿ ಬುದ್ಧಿ ಬಂದೀತು."

ನಿಜ ಹೇಳಬೇಕೆಂದರೆ ಓಸ್ತಾಪನಿಗೆ ಪಾರ್ಟು ಆಗಲೇ ಸಿಕ್ಕಿತ್ತು. ಹಿಂದಿನ ದಿನವೇ ಕನೋರಾಕ್ಕೆ ಹೋಗಿ ತಂದು, ತನ್ನ ಗಾಡಿಯ ಸೀಟಿನ ಹಿಂದೆ ಹಳೇ ಕಂಬಳಿಯ ಕೆಳಗೆ ಬಚ್ಚಿಟ್ಟಿದ್ದ. ಮಗಳಿಗೆ "ತರಿಸಬೇಕಂತೆ" ಅಂದಿದ್ದ. ಅಕ್ಕ ಹೇಳಿಕೊಡುವ ಮೊದಲೇ ಆ ಸುಳ್ಳು ಅವನ ಬಾಯಲ್ಲಿ ತಾನಾಗೇ ಬಂದಿತ್ತು.

ಶುಕ್ರವಾರ ಸಂಜೆ ಲೆಸ್ಯಾ ಉಗ್ರಾಣದಿಂದ ಹೊರಬಂದು ಫೋನು ಗೋಡೆಗೆ ನೇತುಹಾಕಿದಳು.

"ಅಪ್ಪ, ಹೀಟರ್‌ಗೆ ನೀನು ಒದ್ದಾಡೋದು ಬೇಡ. ಡ್ವೇನೇ ಬಂದು ಕರ್ಕೊಂಡು ಹೋಗ್ತಾನಂತೆ."

"ಗಾಡಿ?"

"ಇಲ್ಲೇ ಇರಲಿ ಅಂದ. ಇಬ್ಬರಿಗೆ ಎರಡು ಗಾಡಿ ಯಾಕೆ, ನನ್ನದೇ ಇದೆಯಲ್ಲ ಅಂದ."

ಓಸ್ತಾಪನ ಕೈಯಲ್ಲಿ ಚಹಾದ ಲೋಟವಿತ್ತು. ಆ ಮನೆ ಅವನು ನೋಡಿದ್ದ. ಊರಿನಿಂದ ದೂರ, ಮಣ್ಣುರಸ್ತೆಯ ತುದಿ, ಸುತ್ತ ಪೈನ್ ಮರ. ಅಲ್ಲಿ ಇವಳು, ಗಾಡಿಯಿಲ್ಲದೆ. ಚಳಿಗಾಲದಲ್ಲಿ ಆ ರಸ್ತೆಯಲ್ಲಿ ನಡೆದು ಯಾರೂ ಎಲ್ಲಿಗೂ ಹೋಗಲಾರರು.

"ಬರೋದು ಬೇಡ ಅನ್ನು," ಎಂದ. "ಪಾರ್ಟು ಬಂದಿದೆ. ನಾಳೆ ಹಾಕ್ತೀನಿ. ನಿನ್ನ ಗಾಡೀಲೇ ಹೋಗು."

"ಬಂತಾ? ಯಾವಾಗ?"

"ಬಂತು."

ಅವಳು ಅವನ ಮುಖ ನೋಡಿದಳು. ತಿಳಿದಿರಬೇಕು.

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಪಿಕಪ್ಪನ್ನು ತಗಡಿನ ಷೆಡ್ಡಿಗೆ ಎಳೆದ. ಪೀಪಾಯಿ ಒಲೆಗೆ ಸೌದೆ ತುರುಕಿದ. ಷೆಡ್ಡು ಬೆಚ್ಚಗಾಗಲಿಲ್ಲ, ಕೈಗವಸು ಬಿಚ್ಚಿದರೆ ಬೆರಳು ಬದುಕುವಷ್ಟಾಯಿತು. ರಟ್ಟು ಹಾಸಿ, ಬೆನ್ನ ಮೇಲೆ ಮಲಗಿ, ಕೈದೀಪ ಎಳೆದುಕೊಂಡು ಗಾಡಿಯಡಿ ತೆವಳಿದ.

ತನ್ನ ಗಾಡಿಯ ಹೀಟರ್ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಬಸ್ಸಿನದೂ ಗೊತ್ತು. ಆದರೆ ಇದು ಬೇರೆ ಕಂಪನಿಯ ಗಾಡಿ. ಡ್ರೈವರ್ ಕಡೆ ಇರಬಹುದೆಂದು ಅಲ್ಲಿ ಹುಡುಕಿದ. ಇಂಜಿನ್ನಿನ ಪಕ್ಕೆಯಲ್ಲಿ ಸಾಲಾಗಿ ಗುಂಡನೆಯ ಮುಚ್ಚಳಗಳಿದ್ದವು, ಅಂಗೈಯಲ್ಲಿ ಹಿಡಿಯುವಂಥವು. ಅವುಗಳಲ್ಲಿ ಒಂದರ ಜಾಗದಲ್ಲಿ ಹೀಟರ್ ಕೂತಿರಬೇಕು. ಒಂದೊಂದನ್ನೇ ಬೆರಳಿಂದ ಸವರಿದ. ಎಲ್ಲ ಬರೀ ಮುಚ್ಚಳ. ಕತ್ತು ಹಿಡಿದುಕೊಂಡಿತು. ಹೊರಗೆ ತೆವಳಿ, ಒಲೆಯ ಮುಂದೆ ಕೈ ಕಾಸಿಕೊಂಡು, ವೈರು ಹೊರಟಲ್ಲಿಂದಲೇ ಹೋಗೋಣ ಎಂದುಕೊಂಡ. ಜಾಲರಿಯಿಂದ ಒಳಗೆ, ರೇಡಿಯೇಟರಿನ ಬದಿ, ಬ್ಯಾಟರಿಯ ಕೆಳಗೆ, ಅಲ್ಲಿಂದ ಆಚೆ ಪಕ್ಕಕ್ಕೆ. ಮತ್ತೆ ಗಾಡಿಯಡಿ ಹೋಗಿ ಆಚೆ ಪಕ್ಕದಲ್ಲಿ ಕೈಯಾಡಿಸಿದಾಗ ವೈರಿನ ತುದಿ ಸಿಕ್ಕಿತು.

ತುದಿ. ಅದು ಯಾವುದಕ್ಕೂ ಸೇರಿರಲಿಲ್ಲ.

ದೀಪ ಹತ್ತಿರ ಹಿಡಿದ. ಸುಟ್ಟಿರಲಿಲ್ಲ, ಸವೆದಿರಲಿಲ್ಲ. ಕಟಿಂಗ್ ಪ್ಲೇಯರಿನಲ್ಲಿ ಒಂದೇ ಏಟಿಗೆ ಕತ್ತರಿಸಿದ ಹಾಗಿತ್ತು. ಒಳಗಿನ ತಾಮ್ರದ ಎಳೆಗಳು ಒಂದೇ ಮಟ್ಟಕ್ಕೆ ಹೊಳೆಯುತ್ತಿದ್ದವು. ಕತ್ತರಿಸಿದ ತುದಿಯನ್ನು ಮೇಲಿನಿಂದ ಕಾಣದಂತೆ ಒಂದು ಪೈಪಿನ ಹಿಂದೆ ಸಿಕ್ಕಿಸಿದ್ದರು. ಇನ್ನೊಂದು ಸ್ವಲ್ಪ ಮೇಲೆ, ಇಂಜಿನ್ ಕೂರುವ ಕಬ್ಬಿಣದ ಹಿಂದುಗಡೆ, ಹೀಟರ್ ಇತ್ತು. ವೈರು ಕೂರುವ ಅದರ ಎರಡು ಕಡ್ಡಿಗಳನ್ನು ಬಡಿದು ಮುರಿದಿದ್ದರು. ಸುತ್ತಲಿನ ಪಿಂಗಾಣಿ ಪುಡಿಪುಡಿಯಾಗಿತ್ತು. ಹೊಸ ವೈರು ಹಾಕಿದರೂ ಉಪಯೋಗವಿಲ್ಲದಂತೆ, ವಿಚಾರ ಮಾಡಿ ಮಾಡಿದ ಕೆಲಸ.

ಓಸ್ತಾಪ್ ಅಲ್ಲೇ ಮಲಗಿದ್ದ. ಇದು ಕೋಪದಲ್ಲಿ ಕೈ ಬೀಸಿದಂತಲ್ಲ. ಇದಕ್ಕೆ ಹಿಮದ ಮೇಲೆ ಬೆನ್ನುಹಾಕಿ ಮಲಗಬೇಕು. ದೀಪ ಬೇಕು, ಪ್ಲೇಯರ್ ಬೇಕು, ಸುತ್ತಿಗೆ ಬೇಕು. ತಾನು ಈಗ ಹುಡುಕಿದ ಹಾಗೇ ಡ್ವೇನನೂ ಹುಡುಕಿರಬೇಕು. ಹುಡುಕುವಷ್ಟು ಹೊತ್ತೂ, ಯಾಕೆ ಹುಡುಕುತ್ತಿದ್ದೇನೆಂದು ಅವನಿಗೆ ಗೊತ್ತಿದ್ದಿರಬೇಕು.

ಆಗ ನೆನಪಾಯಿತು. ಜನವರಿ ಆರರ ರಾತ್ರಿ, ತಮ್ಮ ಹಳೇ ಪಂಚಾಂಗದ ಕ್ರಿಸ್‌ಮಸ್ಸಿಗೆ ಲೆಸ್ಯಾ ಬಂದಿರಲಿಲ್ಲ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಫೋನು ಮಾಡಿದ್ದಳು. ಪರಾಸ್ಕಾ ಮಾಡಿದ ಹನ್ನೆರಡು ಬಗೆ ಅಡುಗೆಯ ಮುಂದೆ ಕೂತು ಓಸ್ತಾಪ್, "ಪ್ರತಿ ಹಬ್ಬಕ್ಕೂ ನಿನ್ನ ಗಾಡಿಗೆ ಜ್ವರ ಬರುತ್ತಲ್ಲಮ್ಮ!" ಅಂದಿದ್ದ. ಅವಳು ನಕ್ಕಿದ್ದಳು. ಆ ನಗುವಿನ ಹಿಂದೆ ಡ್ವೇನ್ ನಿಂತಿದ್ದನೋ ಏನೋ.

"ಅಪ್ಪ, ಚಹಾ." ಗಾಡಿಯ ಪಕ್ಕ ಲೆಸ್ಯಾಳ ಬೂಟುಗಳು ಬಂದು ನಿಂತವು. "ಸಿಕ್ತಾ?"

"ಸಿಕ್ತು."

ಅವನು ಹೊರಬಂದು ಕೂತ. ಲೋಟ ತೆಗೆದುಕೊಳ್ಳದೆ, ಎಳೆದು ತೆಗೆದಿದ್ದ ವೈರಿನ ತುದಿಯನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ನೋಡಿದಳು. ಬೆಚ್ಚಲಿಲ್ಲ.

"ನಿನಗೆ ಗೊತ್ತಿತ್ತಾ?"

"ಮೊನ್ನೆ ಗೊತ್ತಾಯ್ತು. ಫೋನಲ್ಲಿ ಅವನೇ ಹೇಳ್ದ." ಲೋಟವನ್ನು ಮರದ ಕೊರಡಿನ ಮೇಲಿಟ್ಟಳು. "ಅತ್ತುಬಿಟ್ಟ ಅಪ್ಪ. ನೀನು ಹೋಗಿಬಿಡ್ತೀಯ ಅನ್ನೋ ಭಯಕ್ಕೆ ಮಾಡ್ದೆ ಅಂದ. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ ಅಲ್ವಾ?"

"ನಾನು ಹೇಗಿದ್ರೂ ನೋಡ್ತೀನಿ ಅಂತ ಗೊತ್ತಿತ್ತು ಅವನಿಗೆ."

"ನೀನು ಅವನು ಮಾಡಿದ್ದಕ್ಕೆಲ್ಲ ಹಾಗೇ ಅಂತೀಯ."

"ಲೆಸ್ಯಾ, ನೀನು ಚಳೀಲಿ ಸಾಯಬಹುದಿತ್ತು. ಒಂದು ರಾತ್ರಿ ಹೊರಟು, ದಾರೀಲಿ ಎಲ್ಲೋ ನಿಂತು, ಮತ್ತೆ ಸ್ಟಾರ್ಟ್ ಆಗದೆ..."

"ಸಾಯಲಿಲ್ಲವಲ್ಲ."

"ಇಲ್ಲೇ ಇರು."

"ಇದ್ದು?"

ಅವಳು ಕಾದಳು, ನಿಜವಾಗಿಯೂ ಕಾದಳು, ಏನಾದರೂ ಹೇಳಿಯಾನೆಂದು. ಅವನ ತಲೆಯಲ್ಲಿ ಬೇಕಾದಷ್ಟು ಇತ್ತು. ನೀನು ಹುಟ್ಟಿದ ಕೋಣೆ ಹಾಗೇ ಇದೆ ಅನ್ನಬಹುದಿತ್ತು. ನನಗೆ ನಿದ್ದೆ ಬರುತ್ತಿಲ್ಲ ಅನ್ನಬಹುದಿತ್ತು. ಕಳೆದ ಸಲ ಅವಳಿಗೆ ಹೇಳದೆ ಪೊಲೀಸರಿಗೆ ಫೋನು ಮಾಡಿದ್ದ. ಫೋನೆತ್ತಿದ ಪೊಲೀಸು ಹುಡುಗ ಮರ್ಯಾದೆಯಿಂದಲೇ ಕೇಳಿಸಿಕೊಂಡು, ನಿಮ್ಮ ಮಗಳೇ ಬಂದು ಹೇಳಬೇಕು ಸರ್ ಅಂದಿದ್ದ. ಅದನ್ನೂ ಹೇಳಬಹುದಿತ್ತು.

"ಚಹಾ ಆರುತ್ತೆ," ಅಂದಳು ಲೆಸ್ಯಾ.

ಅಷ್ಟು ಹೊತ್ತಿಗೆ ಪರಾಸ್ಕಾಳೂ ಬಂದಳು. ಓಸ್ತಾಪ್ ತುದಿಯನ್ನು ಅವಳಿಗೂ ತೋರಿಸಿದ. ಅವಳು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಲೆಸ್ಯಾಳ ಕಡೆ ನೋಡಿದಳು. ಲೆಸ್ಯಾ ಒಲೆಗೆ ಸೌದೆ ತರಲು ಹೊರಹೋದ ಮೇಲೆ ತಮ್ಮನ ತೋಳು ಹಿಡಿದಳು.

"ಹೊಸದನ್ನೂ ಮುರಿದುಹಾಕು. ಬಿದ್ದು ಒಡೀತು ಅನ್ನು. ನಿನಗಾಗದಿದ್ರೆ ನನಗೆ ಕೊಡು."

"ಅವನು ಮಾಡಿದ್ದು ಅದೇ ಅಲ್ವಾ ಅಕ್ಕ?"

"ಅವನು ಹೊಡೆಯೋಕೆ ಮಾಡ್ದ. ನಾವು ಉಳಿಸಿಕೊಳ್ಳೋಕೆ."

"ಗಾಡಿ ಇಲ್ಲ ಅಂದ್ರೆ ಅವನು ಬಂದು ಕರ್ಕೊಂಡು ಹೋಗ್ತಾನೆ. ಆಗ ಏನು ಮಾಡ್ತೀಯ?"

ಪರಾಸ್ಕಾ ತೋಳು ಬಿಟ್ಟಳು. ವೈರಿನ ತುಂಡನ್ನು ಒಲೆಯೊಳಗೆ ಎಸೆಯಲು ಹೋದವಳು, ನಾತ ಬರುತ್ತದೆಂದು ನೆನಪಾಗಿ, ಕಸದ ಡಬ್ಬಿಗೆ ಹಾಕಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅಡುಗೆಮನೆಗೆ ಹೋಗಿಬಿಟ್ಟಳು.

ರೇಡಿಯೇಟರಿನ ಕೆಳಗೆ ಬೋಗುಣಿಯಿಟ್ಟು ಇಂಜಿನ್ ತಂಪಿಡುವ ಹಸಿರು ದ್ರವ, ಕೂಲಂಟ್, ಇಳಿಸಿದ. ಆಮೇಲೆ ಹೀಟರಿನ ನಡುವಿನ ಸ್ಕ್ರೂ ಬಿಚ್ಚಬೇಕಾಗಿತ್ತು. ಆ ಸಂದಿಗೆ ಓಸ್ತಾಪನ ಕೈ ಹೋಗಲಿಲ್ಲ. ಸಂಧಿವಾತದಿಂದ ಗೆಣ್ಣುಗಳು ಆಲೂಗಡ್ಡೆಯ ಹಾಗೆ ಊದಿದ್ದವು. ಸ್ಪ್ಯಾನರ್ ಎರಡು ಸಲ ಜಾರಿ ಮುಖದ ಮೇಲೆ ಬಿತ್ತು. ಉಕ್ರೇನಿಯನ್ ಭಾಷೆಯಲ್ಲಿ, ಪಾದ್ರಿಯ ಮುಂದೆ ಹೇಳಲಾಗದ ಒಂದು ಮಾತು ಬಾಯಿಂದ ಬಂತು.

"ಸರಿ, ಜರುಗು," ಎಂದು ಲೆಸ್ಯಾ ಅವನ ಹಳೇ ಮೇಲಂಗಿ ಹಾಕಿಕೊಂಡು ಪಕ್ಕಕ್ಕೆ ತೆವಳಿಬಂದಳು. "ಎಲ್ಲಿ ತೋರಿಸು."

ಇಬ್ಬರೂ ಒಂದೇ ರಟ್ಟಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಮಲಗಿದರು. ಅವನು ದೀಪ ಹಿಡಿದ, ಅವಳು ಬಲಗೈ ಮೇಲೆತ್ತಿದಳು. ಮೇಲಂಗಿಯ ತೋಳು ಮೊಣಕೈವರೆಗೆ ಜಾರಿತು. ಮಣಿಕಟ್ಟಿನ ಸುತ್ತ ಹಳದಿಗೆ ತಿರುಗುತ್ತಿದ್ದ ಬೆರಳ ಗುರುತುಗಳು ಕಂಡವು, ಹೆಬ್ಬೆರಳಿನದು ಬೇರೆಯಾಗಿ. ಓಸ್ತಾಪ್ ದೀಪವನ್ನು ಹೀಟರ್ ಬಿಟ್ಟು ಆ ಗುರುತುಗಳ ಮೇಲೇ ಹಿಡಿದ.

"ಬೆಳಕು ನೆಟ್ಟಗೆ ಹಿಡಿ ಅಪ್ಪ."

"ಹಿಡಿದಿದೀನಿ. ಎಡಕ್ಕೆ ತಿರುಗಿಸು. ಪೂರ್ತಿ ಬಿಚ್ಚಬೇಡ, ಸಡಿಲ ಮಾಡು ಸಾಕು. ಹಾಂ. ಈಗ ಹಿಡಿದು ಅಲ್ಲಾಡಿಸ್ತಾ ಎಳಿ. ಮುಖ ಆಚೆ ತಿರುಗಿಸು."

ಅವಳು ತಿರುಗಿಸುವ ಮೊದಲೇ ಅದು ಕಿತ್ತುಬಂತು. ಒಳಗೆ ಉಳಿದಿದ್ದ ಕೂಲಂಟ್ ಅವಳ ಕತ್ತು, ಕಿವಿ, ಅವನ ಅಂಗಿ, ಎಲ್ಲದರ ಮೇಲೂ ಸುರಿಯಿತು. ಲೆಸ್ಯಾ ಕಿರುಚಿದಳು, ಉಗಿದಳು, ಆಮೇಲೆ ನಕ್ಕಳು. ಓಸ್ತಾಪನೂ ನಕ್ಕ. ಎಷ್ಟೋ ವರ್ಷಗಳ ಹಿಂದೆ ಇದೇ ಷೆಡ್ಡಿನಲ್ಲಿ ಇದೇ ಹುಡುಗಿ ಸ್ಪ್ಯಾನರ್‌ಗಳನ್ನು ಅಳತೆಯ ಪ್ರಕಾರ ಜೋಡಿಸಿಡುತ್ತಿದ್ದಳು.

ರಂಧ್ರದ ಅಂಚನ್ನು ಅವಳೇ ಉಪ್ಪುಕಾಗದದಲ್ಲಿ ಉಜ್ಜಿದಳು. ಹೊಸ ಹೀಟರಿನ ರಬ್ಬರ್ ಬಳೆಗೆ ಕೂಲಂಟ್ ಸವರಿ ಒಳಗೆ ಕೂರಿಸಿದಳು. ಒಳಗಿನ ಕಾಯುವ ಕಡ್ಡಿ ಇಂಜಿನ್ನಿನ ಗೋಡೆಗೆ ತಾಗದಂತೆ ಹೇಗೆ ತಿರುಗಿಸಬೇಕೆಂದು ಅವನು ಹೇಳಿದ. ಸ್ಕ್ರೂ ಬಿಗಿಮಾಡಿದಳು. ವೈರು ಸಿಕ್ಕಿಸಿದಳು.

"ಈಗ ಕೈ ಅಲ್ಲೇ ಇಡು," ಎಂದ ಓಸ್ತಾಪ್. "ಕಣ್ಣು ಮುಚ್ಚು. ಎಲ್ಲಿದೆ ಗೊತ್ತಾಯ್ತಾ? ಕತ್ತಲಲ್ಲೂ ಸಿಗಬೇಕು ನಿನಗೆ. ವೈರು ಕೂತಿದೆಯಾ ಇಲ್ವಾ ಬೆರಳಿಗೇ ತಿಳೀಬೇಕು."

"ಅಪ್ಪ..."

"ಇನ್ನೊಂದು ಸಲ. ಕೈ ತೆಗೆದು ಮತ್ತೆ ಹುಡುಕು."

ಅವಳು ವಾದ ಮಾಡಲಿಲ್ಲ. ಕೈ ತೆಗೆದು ಮತ್ತೆ ಹುಡುಕಿದಳು. ಸಿಕ್ಕಿತು.

ಕೂಲಂಟ್ ತುಂಬಿ, ಸೋರುತ್ತಿಲ್ಲವೆಂದು ನೋಡಿ, ಗೋಡೆಯ ಪ್ಲಗ್ಗಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಒಳಗಿನಿಂದ ಕೆಟಲ್ ಕಾಯತೊಡಗಿದಾಗಿನ ಹಾಗೆ ಸಣ್ಣಗೆ ಸುಂಯ್ ಎಂದಿತು. "ಪ್ಲಗ್ ಹಾಕಿದ ಮೇಲೆ ದಿನಾ ಇದನ್ನ ಕೇಳು," ಎಂದ. "ಕೇಳಿಸಲಿಲ್ಲ ಅಂದ್ರೆ..." ಕೇಳಿಸಲಿಲ್ಲ ಅಂದರೆ ಅವಳು ಏನು ಮಾಡಬೇಕು? ಅವನಿಗೂ ಗೊತ್ತಿರಲಿಲ್ಲ.

ಭಾನುವಾರ ಚರ್ಚಿನಿಂದ ಬಂದು ಊಟ ಮಾಡಿ ಹೊರಟಳು. ಪರಾಸ್ಕಾ ಕಡುಬಿನ ಡಬ್ಬಿಯನ್ನು ಅವಳ ಮಡಿಲಿಗಿಟ್ಟು, ತಲೆಗೆ ಮುತ್ತಿಟ್ಟು, ಬೈಯಬೇಕೆಂದಿದ್ದ ಒಂದನ್ನೂ ಬೈಯಲಿಲ್ಲ. ಓಸ್ತಾಪ್ ಸೀಟಿನ ಹಿಂದೆ ಕಂಬಳಿ, ಸಲಿಕೆ, ಮೇಣದಬತ್ತಿ, ಬೆಂಕಿಪೊಟ್ಟಣ ಇಟ್ಟಿದ್ದ. ಅವುಗಳ ಜೊತೆ, ಸುತ್ತಿಟ್ಟ ಹೊಸ ಹೀಟರ್ ವೈರು.

"ಇನ್ನೊಂದು ಯಾಕಪ್ಪ?"

"ಇರಲಿ."

"ಅವನು ನೋಡಿದ್ರೆ..."

"ಹಾಗಾದ್ರೆ ಸೀಟಿನ ಕೆಳಗೆ ಹಾಕು."

ಅವಳು ಅದನ್ನು ಸೀಟಿನ ಕೆಳಗೆ ಕಾಲಿನಿಂದ ತಳ್ಳಿದಳು. ಇಂಜಿನ್ ಒಂದೇ ತಿರುವಿಗೆ ಎದ್ದಿತು, ಒಳ್ಳೆಯ ಸದ್ದು. ಗೇಟು ದಾಟುವಾಗ ಕೈಬೀಸಿದಳು, ಎಡಗೈಯನ್ನು ಭುಜದ ಮಟ್ಟಕ್ಕೆ ಮಾತ್ರ. ಹಿಮದ ಮೇಲೆ ಗಾಡಿ ತುಂಬ ದೂರದವರೆಗೆ ಕಾಣುತ್ತದೆ ಆ ಬಯಲಿನಲ್ಲಿ. ಕಾಣುವವರೆಗೂ ನೋಡಿದ.

ಸಂಜೆ ಊಟದ ಹೊತ್ತಿಗೆ ಫೋನು ಬಂತು. ತಲುಪಿದೆ, ರಸ್ತೆ ಚೆನ್ನಾಗಿತ್ತು ಅಂದಳು. ಆಮೇಲೆ, "ಇರು ಅಪ್ಪ, ಡ್ವೇನ್ ಮಾತಾಡ್ಬೇಕಂತೆ."

"ಮಾವ, ಹೇಗಿದೀರಿ?" ದನಿ ಮೆತ್ತಗೆ, ಸ್ನಾನ ಮಾಡಿ ಬಂದವನ ಹಾಗೆ ಹಗುರವಾಗಿತ್ತು. "ಗಾಡಿ ಭಾರಿ ಚೆನ್ನಾಗಿ ಸ್ಟಾರ್ಟ್ ಆಗ್ತಿದೆಯಂತೆ. ನಿಮಗೆ ಸುಮ್ನೆ ತೊಂದರೆ ಆಯ್ತು."

"ತೊಂದರೆ ಏನಿಲ್ಲ."

"ಅಲ್ಲ, ಏನಾಗಿತ್ತು ಅದಕ್ಕೆ?"

ಓಸ್ತಾಪ್ ಗೋಡೆಗೆ ಕೈಯೂರಿದ. ಅವನೇ ಹೇಳಿದ್ದಾನೆಂದು ಲೆಸ್ಯಾ ಅಂದಿದ್ದಳು, ಅತ್ತನೆಂದು ಅಂದಿದ್ದಳು. ಆದರೂ ಕೇಳುತ್ತಿದ್ದಾನೆ. ಮಾವನಿಗೆ ಎಷ್ಟು ಗೊತ್ತು, ಮಾವ ಎಷ್ಟು ಬಾಯಿಬಿಡುತ್ತಾನೆ ಎಂದು ನೋಡುತ್ತಿದ್ದಾನೆ. ಇಲ್ಲಿಂದ ಏನು ಅಂದರೂ ಅದರ ಬೆಲೆ ಅಲ್ಲಿ ಅವನ ಪಕ್ಕ ನಿಂತಿರುವವಳು ತೆರಬೇಕು. ಅರವತ್ತಮೂರು ವರ್ಷದ ಬಾಳಿನಲ್ಲಿ ಅವನು ಯಾರಿಗೂ ಇಷ್ಟು ಹೆದರಿರಲಿಲ್ಲ.

"ಹಳೇದಾಗಿತ್ತು," ಎಂದ. "ಸುಟ್ಟುಹೋಗಿತ್ತು."

"ನಾನೂ ಹಾಗೇ ಅಂದ್ಕೊಂಡೆ," ಎಂದ ಡ್ವೇನ್. "ಥ್ಯಾಂಕ್ಸ್ ಮಾವ."

ಪರಾಸ್ಕಾ ಒಲೆಯ ಹತ್ತಿರ ಕೈಯೊರೆಸಿಕೊಳ್ಳುತ್ತ ನಿಂತಿದ್ದಳು. "ಏನಂದ?"

"ಥ್ಯಾಂಕ್ಸ್ ಅಂದ."

ಅವಳು ಬಡಿಸಿದಳು. ಇಬ್ಬರೂ ತಿನ್ನಲಿಲ್ಲ.

ಆ ಚಳಿಗಾಲವೆಲ್ಲ ಲೆಸ್ಯಾ ಭಾನುವಾರಕ್ಕೊಮ್ಮೆ ಫೋನು ಮಾಡಿದಳು. ಒಂದೊಂದು ಸಲ ಹಿಂದೆ ಟಿವಿಯ ಸದ್ದಿರುತ್ತಿತ್ತು, ಒಂದೊಂದು ಸಲ ಏನೂ ಇರುತ್ತಿರಲಿಲ್ಲ. ನೀನು ಹೇಗಿದ್ದೀಯ ಎಂದು ಓಸ್ತಾಪ್ ಕೇಳುತ್ತಿರಲಿಲ್ಲ. ಅದಕ್ಕೆ ಅಲ್ಲಿಂದ ಬರಬಹುದಾದ ಉತ್ತರ ಒಂದೇ. ಅದರ ಬದಲು, "ಗಾಡಿ ಹೇಗಿದೆ?" ಅನ್ನುತ್ತಿದ್ದ. "ಚೆನ್ನಾಗಿದೆ ಅಪ್ಪ, ಸದ್ದು ಬರ್ತಿದೆ," ಅನ್ನುತ್ತಿದ್ದಳು. ಆ ನಾಲ್ಕು ಮಾತನ್ನು ಅವಳು ಹೇಳುವ ರೀತಿಯನ್ನೇ ಅವನು ವಾರವೆಲ್ಲ ತಿರುವಿ ತಿರುವಿ ನೋಡುತ್ತಿದ್ದ. ಬೇಗ ಹೇಳಿದಳೇ, ತಡೆದು ಹೇಳಿದಳೇ, ದನಿ ಒಡೆದಿತ್ತೇ.

ಏಪ್ರಿಲ್ ಬಂತು. ರಸ್ತೆಗಳೆಲ್ಲ ಕೆಸರಾದವು. ಯಾರೂ ಗಾಡಿಗೆ ಪ್ಲಗ್ ಹಾಕದ ಕಾಲ ಬಂತು. ಆ ಭಾನುವಾರ ಫೋನು ಬಂದಾಗ ಓಸ್ತಾಪ್ ಎಂದಿನಂತೆ ಬಾಯಿ ತೆರೆದ. ಹೀಟರಿನ ಸದ್ದೇ ಇಲ್ಲದ ಕಾಲದಲ್ಲಿ ಇನ್ನು ಏನು ಕೇಳಬೇಕೋ ಅವನಿಗೆ ತಿಳಿಯಲಿಲ್ಲ.

"ಅಪ್ಪ, ಇದೀಯಾ?" ಎಂದಳು ಲೆಸ್ಯಾ.

"ಇದೀನಿ," ಎಂದ.